ಗಂಟಲಿಗಿಳಿದ ಹನಿ

ಬನಶಂಕರೆವ್ವನ ಬಲಗಣ್ಣು ಹೋದದ್ದು ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ, ಖುದ್ದು ಬನಶಂಕರೆವ್ವನಿಗೂ ಗೊತ್ತಾಗಲಿಲ್ಲ. ನೋವಿಲ್ಲ, ನೀರಿಲ್ಲ, ಕೆಂಪಿಲ್ಲ. ಒಂದು ದಿನ ರೊಟ್ಟಿ ಬಡಿಯುತ್ತ ಕೂತವಳು, ಬಲಗಡೆಗೇ ಇದ್ದ ಹಿಟ್ಟಿನ ಡಬ್ಬಿಗಾಗಿ ಗಾಳಿಯಲ್ಲಿ ಕೈಯಾಡಿಸುವುದನ್ನು ಸೊಸೆ ಕಲ್ಪನಾ ನೋಡಿದಳು. ಅನುಮಾನ ಬಂದು, ಅತ್ತೆಯ ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ಮುಖದ ಮುಂದೆ ಬೆರಳು ಹಿಡಿದಳು.

"ಇವು ಎಷ್ಟು ಬೆರಳ್ರಿ ಅತ್ತಿ?"

"ಎಲ್ಲಿ ಅದಾವ ಬೆರಳು?" ಅಂದಳು ಮುದುಕಿ.

ಗದುಗಿನ ಕಣ್ಣಿನ ಆಸ್ಪತ್ರೆಯ ಡಾಕ್ಟರ್ ಮೇಡಂ ಅದಕ್ಕೆ ಗ್ಲಾಕೋಮಾ ಎಂದು ಹೆಸರು ಹೇಳಿದರು. ಕಣ್ಣಿನೊಳಗಿನ ಒತ್ತಡ ಏರಿ ನರ ಒಣಗುತ್ತ ಬಂದಿದೆ, ಬಲಗಣ್ಣು ಪೂರ್ತಿ ಹೋಗಿದೆ, ಎಡಗಣ್ಣಿನಲ್ಲಿ ಅರ್ಧ ಉಳಿದಿದೆ, ಆ ಅರ್ಧವನ್ನು ಉಳಿಸಿಕೊಳ್ಳಬೇಕಾದರೆ ಆಪರೇಶನ್ ಆಗಲೇಬೇಕು ಎಂದರು. ಡಿಸೆಂಬರ್ ನಡುವಿನಲ್ಲಿ ಅದೂ ಆಯಿತು. ಮನೆಗೆ ಕಳಿಸುವ ದಿನ ಮೇಡಂ ಕಲ್ಪನಾಳನ್ನೇ ಕರೆದು ಎದುರಿಗೆ ಕೂರಿಸಿಕೊಂಡರು. ಯಾವ ಮನೆಯಲ್ಲಿ ಕೆಲಸ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದು ಡಾಕ್ಟರರಿಗೆ ನೋಡಿದ ಕೂಡಲೇ ತಿಳಿಯುತ್ತದೆ.

"ಕಣ್ಣೊಳಗಿನ ನೀರು ಹರಿದು ಹೋಗೋಕೆ ಒಂದು ಸಣ್ಣ ದಾರಿ ಮಾಡಿದ್ದೀನಮ್ಮ. ಬೇರೆ ಗಾಯ ಆದರೆ ಮಾಯಬೇಕು ಅಂತೀವಿ. ಇದು ಪೂರ್ತಿ ಮಾಯಬಾರದು, ಮಾಯ್ದರೆ ದಾರಿ ಮುಚ್ಚುತ್ತೆ. ಕಣ್ಣು ಕೆಂಪಾದಷ್ಟೂ ಉರಿದಷ್ಟೂ ಬೇಗ ಮುಚ್ಚುತ್ತೆ. ಅದಕ್ಕೇ ಈ ಹನಿ. ದಿನಕ್ಕೆ ಆರು ಸಲ. ಒಂದೂ ತಪ್ಪಬಾರದು."

"ತಪ್ಪೂದಿಲ್ರಿ," ಅಂದಳು ಕಲ್ಪನಾ.

ತಪ್ಪಲೂ ಇಲ್ಲ. ಮುಂಡರಗಿ ಕಡೆಯ ಹಳ್ಳಿಯಿಂದ ಬೆಟಗೇರಿಯ ಈ ನೇಕಾರರ ಓಣಿಗೆ ಸೊಸೆಯಾಗಿ ಬಂದ ಕಲ್ಪನಾ ಮಾತಿನವಳಲ್ಲ, ಕೆಲಸದವಳು. ಹನಿಯ ಹೊತ್ತಿಗೆ ಮೊಬೈಲ್ ಕೂಗಿತೆಂದರೆ ಒಲೆ ಸಣ್ಣ ಮಾಡಿ, ಕೈ ತೊಳೆದುಕೊಂಡು, ಬಾಟಲಿ ಅಲುಗಾಡಿಸುತ್ತ ನಡುಮನೆಗೆ ಬರುತ್ತಿದ್ದಳು. ಅಲ್ಲಿ ಕುಣಿಮಗ್ಗದಲ್ಲಿ ಕೂತ ಮಾವ ವಿಠೋಬಾ ಲಾಳಿ ಹಿಡಿದ ಕೈ ನಿಲ್ಲಿಸುತ್ತಿದ್ದ. ನೂಲಿನ ಅರಳೆ ಹೆಂಡತಿಯ ಕಣ್ಣಿಗೆ ಹಾರಬಾರದಲ್ಲ. ಮಗ್ಗ ನಿಂತ ಸದ್ದಿಗೇ ಬನಶಂಕರೆವ್ವ ಚಾಪೆಯ ಮೇಲೆ ಅಂಗಾತ ಮಲಗುತ್ತಿದ್ದಳು. ಹಾಲಿನಂಥ ಬಿಳಿ ಹನಿ ಒಂದು ಬೀಳುತ್ತಿತ್ತು. ಒಂದು ಗಳಿಗೆ ಕಳೆಯುವಷ್ಟರಲ್ಲಿ ಮುದುಕಿ ಮುಖ ಹಿಂಡುತ್ತಿದ್ದಳು.

"ಹಾಕೂದು ಕಣ್ಣಿಗೆ, ಕಹಿ ಬರೂದು ಗಂಟಲಕ್ಕ. ಇದೆಂಥಾ ಔಷಧನವಾ!"

"ಕಣ್ಣಿನ ಮೂಲಿ ಒತ್ತಿ ಹಿಡೀರಿ ಅಂದಾರಲ್ರಿ, ಗಂಟಲಕ್ಕ ಇಳಿಯೂದಿಲ್ಲ."

"ಒತ್ತಿನೆವಾ. ನಂದು ಮಾತು ಕೇಳದ ಗಂಟಲು."

ಆಗ ವಿಠೋಬಾ ಮಗ್ಗದಿಂದಲೇ, "ಗಂಟಲಷ್ಟ ಏನು, ಎಲ್ಲಾ ಹಂಗ," ಎನ್ನುತ್ತಿದ್ದ. ಲಾಳಿ ಮತ್ತೆ ಓಡುತ್ತಿತ್ತು.

ಇಷ್ಟೇ ಆಗಿದ್ದರೆ ಹೇಳಲು ಏನೂ ಇರುತ್ತಿರಲಿಲ್ಲ. ಆದರೆ ಆ ಮನೆಯ ಪಡಸಾಲೆಯಲ್ಲಿ ಇನ್ನೊಂದು ಔಷಧದ ಕೆಲಸವೂ ನಡೆಯುತ್ತಿತ್ತು. ಅದು ಮಗ ಸುನಿಲಕುಮಾರನದು.

ಸುನಿಲಕುಮಾರ ಗದುಗಿನ ಬಟ್ಟೆ ಅಂಗಡಿಯೊಂದರಲ್ಲಿ ಹದಿನಾಲ್ಕು ವರ್ಷ ಸೀರೆ ಬಿಚ್ಚಿ ತೋರಿಸಿದವನು. ಹೋದ ವರ್ಷ ಅಂಗಡಿ ಮುಚ್ಚಿತು. ಎರಡು ತಿಂಗಳು ಕೆಲಸವಿಲ್ಲದೆ ಮಲಗಿ, ದಸರೆಯ ಹೊತ್ತಿಗೆ ಎದ್ದು ಕೂತು, ಒಬ್ಬ ವ್ಯಾಪಾರಿಯನ್ನು ಹಿಡಿದ. ಆ ವ್ಯಾಪಾರಿ ಸೀರೆ ತಂದು ಹಾಕುತ್ತಾನೆ. ಇವನು ಅದನ್ನು ಹಗ್ಗಕ್ಕೆ ಇಳಿಬಿಟ್ಟು, ಕ್ಯಾನಿನ ಔಷಧವನ್ನು ಪಂಪಿನಿಂದ ಸಣ್ಣಗೆ ಸಿಂಪಡಿಸಿ ಒಣಗಿಸಿ ಕೊಡುತ್ತಾನೆ. ಆಮೇಲೆ ಆ ಸೀರೆಯ ಮೇಲೆ ಚಹಾ ಚೆಲ್ಲಿದರೂ ಕಲೆ ಹಿಡಿಯುವುದಿಲ್ಲ. ಅವನು ಅದಕ್ಕೆ ಕೋಟಿಂಗ್ ಎಂದ. ಓಣಿಯವರು, ಹೊಲಕ್ಕೆ ಹೊಡೆಯುತ್ತಾರಲ್ಲ ಹಾಗೆ, ಎಣ್ಣೆ ಹೊಡೆಯುವುದು ಎಂದರು. ಬಂದವರೆದುರು ಸೀರೆಯ ಮೇಲೆ ಒಂದು ಲೋಟ ನೀರು ಸುರಿದು, ನೀರು ಮುತ್ತಾಗಿ ಉರುಳಿ ಹೋಗುವುದನ್ನು ತೋರಿಸುವಾಗ ಅವನ ಮುಖ ನೋಡಬೇಕು. ಹೊಸ ಸೈಕಲ್ಲು ಸಿಕ್ಕ ಹುಡುಗನಾಗುತ್ತಿದ್ದ.

ಹೊರಗಿನ ಧೂಳು ಕೂತರೆ ಸೀರೆ ಕೆಡುತ್ತದೆಂದು ಪಡಸಾಲೆಯ ಬಾಗಿಲು ಕಿಟಕಿ ಎಲ್ಲ ಬಂದ್ ಮಾಡಿ ಹೊಡೆಯುತ್ತಿದ್ದ. ಬಾಯಿಗೆ ಕರವಸ್ತ್ರ ಕಟ್ಟಿಕೊಳ್ಳುತ್ತಿದ್ದ. ಮನೆ ಹಳೆಯದು, ಪಡಸಾಲೆಗೂ ನಡುಮನೆಗೂ ನಡುವಿನ ಗೋಡೆ ಮಾಡಿನವರೆಗೆ ಹೋಗುವುದಿಲ್ಲ, ಆಳೆತ್ತರಕ್ಕೆ ನಿಂತುಬಿಡುತ್ತದೆ. ಔಷಧದ ಮಂಜು ಆ ಗೋಡೆ ದಾಟಿ ಇತ್ತ ಇಳಿಯುತ್ತಿತ್ತು. ಮೊದಲು ಸಿಹಿ ವಾಸನೆ, ಆಮೇಲೆ ಗಂಟಲಲ್ಲಿ ಕೆರೆತ. ಪಕ್ಕದ ಮನೆಯ ಮೋತಿಬಿ, ವಿಠೋಬಾನ ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಡುವವಳು, ಗೋಡೆಗೆ ತೂಗುಹಾಕಿದ ಪಂಜರದಲ್ಲಿ ಎರಡು ಸಣ್ಣ ಹಕ್ಕಿ ಸಾಕಿದ್ದಳು. ಇವನು ಕೆಲಸ ಶುರು ಮಾಡಿದ ವಾರದಲ್ಲೇ ಎರಡೂ ಕಾಲು ಮೇಲೆ ಮಾಡಿ ಬಿದ್ದಿದ್ದವು.

"ನಿನ್ನ ಎಣ್ಣಿ ಹೊಡದಿದ್ದಕ್ಕ ಸತ್ತಾವ ನೋಡಪಾ," ಅಂದಿದ್ದಳು ಮೋತಿಬಿ.

"ಥಂಡಿಗೆ ಸತ್ತಾವ ಬಿಡ, ಖಾಲಾ. ಹಕ್ಕಿ ಜೀವ ಅದು," ಅಂದಿದ್ದ ಸುನಿಲಕುಮಾರ. ಮಾತು ಅಲ್ಲಿಗೆ ಮುಗಿದಿತ್ತು.

ಜನವರಿ ಬಂತು. ಮನೆದೇವಿಯ ಹಬ್ಬವಾದ ಬನದ ಹುಣ್ಣಿಮೆಗೆ ಒಂಬತ್ತು ದಿನ ಉಳಿದಾಗ ಬನಶಂಕರೆವ್ವ ತನ್ನ ಹರಕೆಯ ಮಾತು ತೆಗೆದಳು. ಆಪರೇಶನ್ ಸುಸೂತ್ರವಾಗಿ ಆದರೆ ಮನೆದೇವರಿಗೆ ಒಂಬತ್ತು ದಿನ ನಿಟ್ಟುಪವಾಸ ಮಾಡುತ್ತೇನೆ ಎಂದು ಆಸ್ಪತ್ರೆಯ ಮಂಚದ ಮೇಲೆಯೇ ಬೇಡಿಕೊಂಡಿದ್ದಳಂತೆ. ಮುಂಜಾನೆಯಿಂದ ಸಂಜೆಯ ಆರತಿಯವರೆಗೆ ಒಂದು ಗುಟುಕು ನೀರೂ ಇಲ್ಲ. ಮಡಿ ಬೇರೆ.

"ಒಂಬತ್ತು ದಿನ ನನ್ನ ಮುಟ್ಟಬ್ಯಾಡ," ಅಂದಳು ಸೊಸೆಗೆ. "ಹನಿ ನಾನ ಹಾಕ್ಕೋತೀನಿ."

"ಕೈ ನಡಗತಾವ ಅತ್ತಿ ನಿಮ್ಮವು."

"ರಾಟಿಗೆ ಎಳಿ ಜೋಡಿಸಿದ ಕೈ ಅದಾವ ಇವು. ಒಂದು ಹನಿ ಬಿಡಾಕ ಬರೂದಿಲ್ಲೇನು?"

ಬಾಟಲಿ ದೇವರ ಕೋಣೆಗೆ ಹೋಯಿತು. ಮೊಬೈಲ್ ಕೂಗಿದಾಗ ಕಲ್ಪನಾ ಹೊರಗಿನಿಂದಲೇ "ಅತ್ತೀ" ಎನ್ನುವಳು, ಒಳಗಿನಿಂದ "ಹೂಂ, ಆತು" ಎಂಬ ಉತ್ತರ ಬರುವುದು. ಏಳನೆಯ ದಿನ ಮುದುಕಿ ಖಾಲಿ ಬಾಟಲಿಯನ್ನು ಹೊಸ್ತಿಲ ಮೇಲಿಟ್ಟು, "ಮುಗೀತವಾ, ಇನ್ನೊಂದು ತರ್ರಿ," ಅಂದಳು. ಕಲ್ಪನಾ ಅಡಿಗೆ ಬಿಟ್ಟು ಔಷಧದಂಗಡಿಗೆ ಓಡಿ ತಂದುಕೊಟ್ಟಳು.

ಹುಣ್ಣಿಮೆಯ ದಿನ ಮನೆಯಲ್ಲಿ ಹತ್ತೆಂಟು ಪಲ್ಯ. ಹೀರೆಕಾಯಿ, ಚವಳಿಕಾಯಿ, ಬದನೆಕಾಯಿ, ಮೆಂತ್ಯ, ಕಿರಕಸಾಲೆ. ಸಜ್ಜೆರೊಟ್ಟಿ, ಶೇಂಗಾ ಹಿಂಡಿ. ದೇವಿಯ ಮುಂದೆ ದೀಪ ಹಚ್ಚಿ ಕೂತ ಬನಶಂಕರೆವ್ವ ತುತ್ತು ಎತ್ತುವ ಮೊದಲು ದೀಪವನ್ನೇ ನೋಡುತ್ತ ನಕ್ಕಳು.

"ದೀಪದ ಸುತ್ತ ಬಳಿ ಕಾಣತಾವ. ಕೆಂಪು, ಹಸರು. ದೇವಿ ಬಳಿ ಹಾಕ್ಕೊಂಡಾಳ."

ಎಲ್ಲರಿಗೂ ಖುಷಿಯಾಯಿತು. ಕಲ್ಪನಾ ಮಾತ್ರ ಹತ್ತಿರ ಹೋಗಿ ಆ ಕಣ್ಣು ನೋಡಿದಳು. ಬಿಳಿ ಭಾಗವೆಲ್ಲ ಕೆಂಪಾಗಿತ್ತು. ಮೂರನೆಯ ದಿನಕ್ಕೆ ತಪಾಸಣೆ ಇತ್ತು. ಮೇಡಂ ಒತ್ತಡ ಅಳೆದು, ಮತ್ತೊಮ್ಮೆ ಅಳೆದು ನೋಡಿದರು.

"ಏರಿದೆ. ದಾರಿ ಮುಚ್ಚುತ್ತಾ ಬಂದಿದೆ. ಹನಿ ತಪ್ಪಿಸಿದ್ರಾ?"

"ಇಲ್ರಿ," ಅಂದಳು ಬನಶಂಕರೆವ್ವ.

"ಮನೇಲಿ ಹೊಗೆ ಇದೆಯಾ? ಕಟ್ಟಿಗೆ ಒಲೆ?"

"ಹೊಗಿ ಇಲ್ರಿ. ಗ್ಯಾಸ್ ಐತ್ರಿ."

"ಧೂಳು?"

"ದಿನಾ ಎರಡು ಸಲ ಸಾರಿಸ್ತೀವ್ರಿ."

ಕೇಳಿದ ಪ್ರಶ್ನೆಗೆಲ್ಲ ಖರೆ ಉತ್ತರವೇ ಹೋಯಿತು. ಹೊಗೆಯೂ ಅಲ್ಲದ ಧೂಳೂ ಅಲ್ಲದ ಒಂದು ವಸ್ತು ಮನೆಯಲ್ಲಿದೆ ಎಂದು ಕಲ್ಪನಾಳ ನಾಲಿಗೆಯ ತುದಿಗೆ ಬಂತು. ಅದು ಗಂಡನ ಕೆಲಸ. ಅದರಿಂದಲೇ ಮಗಳು ಸೌಂದರ್ಯಾ ಗದುಗಿನ ಕಾಲೇಜಿನಲ್ಲಿ ಪಿಯುಸಿ ಸೈನ್ಸ್ ಓದುತ್ತಿದ್ದಾಳೆ. ನಾಲಿಗೆಯ ತುದಿಗೆ ಬಂದದ್ದನ್ನು ಅವಳು ನುಂಗಿಕೊಂಡಳು. ಮೇಡಂ ಇನ್ನೊಂದು ಹನಿ ಬರೆದು, ಮೂರು ವಾರ ಬಿಟ್ಟು ಬರಲು ಹೇಳಿದರು.

ಹೊರಬಿದ್ದ ಮಾತು ಸೌಂದರ್ಯಾಳದು. ಹುಡುಗಿ ಕ್ಯಾನಿನ ಮೇಲಿನ ಹೆಸರು ಬರೆದುಕೊಂಡು ಹೋಗಿ ಕೆಮಿಸ್ಟ್ರಿ ಸರ್‌ಗೆ ತೋರಿಸಿದ್ದಳು. ಐತವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಹೇಳಿದಳು.

"ಪಪ್ಪಾ, ಅದರಾಗ ಫ್ಲೋರಿನ್ ಐತಂತ. ಗಾಳ್ಯಾಗ ಹೊಡದ್ರ ಸಣ್ಣ ಹನಿ ತೇಲಾಡತಾವಂತ. ಕಣ್ಣಿಗೆ, ಎದಿಗೆ ಛಲೋ ಅಲ್ಲಂತ. ಬಂದ್ ಮಾಡಿದ ಕ್ವಾಣ್ಯಾಗ ಹೊಡಿಬಾರದು ಅಂತ ಕ್ಯಾನಿನ ಮ್ಯಾಲೆ ಬರದೈತಿ."

ಸುನಿಲಕುಮಾರ ರೊಟ್ಟಿ ಮುರಿಯುತ್ತ ನಕ್ಕ. "ಫ್ಲೋರೈಡಲಾ? ನಿಮ್ಮ ಮಮ್ಮಿನ ಕೇಳು. ಹುಟ್ಟಿದಾಗಿಂದ ಕುಡದಾಳ. ಹಲ್ಲಿಗೆ ಬಣ್ಣ ಬಂದೈತಿ, ಕಣ್ಣೇನು ಹೋಗ್ಯಾವೇನು?"

ಕಲ್ಪನಾಳ ಕೈ ತಾನಾಗಿ ಸೆರಗಿಗೆ ಹೋಯಿತು. ತವರಿನ ಬೋರಿನ ನೀರು ಕುಡಿದು ಬೆಳೆದ ಅವಳ ಹಲ್ಲಿನ ಮೇಲೆ ಕಂದು ಗೆರೆಗಳಿದ್ದವು. ಆ ಕಡೆಯ ಹಳ್ಳಿಗಳಲ್ಲಿ ಅಂಥ ಹಲ್ಲು ಹೊಸದಲ್ಲ. ಮುಂಡರಗಿ ಕಡೆಯವರಿಗೆ ಫ್ಲೋರೈಡ್ ಎಂದರೆ ನೀರು, ನೀರು ಎಂದರೆ ಹಲ್ಲು. ಅದು ಗಾಳಿಯಲ್ಲೂ ಇರಬಹುದು ಎಂಬುದು ಯಾರ ತಲೆಗೂ ಹೋಗದು. ಅವಳಿಗೂ ಗಂಡನ ಮಾತು ಸರಿಯೆನ್ನಿಸಿತು, ಅದೇ ಕಾಲಕ್ಕೆ ಕೆಟ್ಟದಾಗಿ ನೋವೂ ಆಯಿತು.

"ಅದು ಬ್ಯಾರೆ ಪಪ್ಪಾ, ಇದು ಬ್ಯಾರೆ," ಅಂದಳು ಹುಡುಗಿ.

"ಕಾಲೇಜಿಗೆ ಹೋಗಿ ಆರು ತಿಂಗಳಾತು, ಅಪ್ಪಗ ಪಾಠ ಹೇಳಾಕ ಬಂದಾಳ!"

ವಿಠೋಬಾ ತಟ್ಟೆ ಸರಿಸಿದ. ಸಿಟ್ಟು ಬಂದರೆ ಕೂಗುವವನಲ್ಲ. ದನಿ ಇನ್ನೂ ಸಣ್ಣಗಾಗುತ್ತಿತ್ತು.

"ಲೇ ಸುನ್ಯಾ. ನಾಳಿಂದ ಅದು ಈ ಮನ್ಯಾಗ ಬ್ಯಾಡ."

"ಮತ್ತ ಎಲ್ಲೆ ಹೊಡೀಲಿ? ಓಣ್ಯಾಗ? ಧೂಳು ಕುಂತ್ರ ಸೀರಿ ಯಾರು ತಗೋತಾರ?"

"ಎಲ್ಲೇರ ಹೊಡಿ. ನಿಮ್ಮವ್ವಗ ಇರೂದು ಅರ್ಧ ಕಣ್ಣು."

"ಅರ್ಧ ಕಣ್ಣಿಗೆ ಆಪರೇಶನ್ ಮಾಡಿಸಿದವ ನಾನ ಅಲ್ಲೇನು? ನಿನ್ನ ಮಗ್ಗ ಮಾಡಿಸ್ತೇನು? ತಿಂಗಳಿಗೆ ನಾಕು ಸೀರಿ ನೇಯ್ತಿ, ಅದರಾಗ ಉಪ್ಪು ಎಣ್ಣಿ ಬರ್ತಾವೇನು?"

"ನನ್ನ ಮಗ್ಗದ ಮಾತು ತಗೀಬ್ಯಾಡ."

"ಯಾಕ ತಗೀಬಾರದು? ನಾ ಎದ್ದು ನಿಂತೀನಿ, ನಿನಗ ಅದ ತಡಕೊಳ್ಳಾಕ ಆಗವಲ್ದು!"

ವಿಠೋಬಾ ಎದ್ದ. ಪಡಸಾಲೆಗೆ ಹೋಗಿ ಎರಡು ಕೈಯಿಂದ ಕ್ಯಾನು ಎತ್ತಿಕೊಂಡು ಬಾಗಿಲ ಕಡೆ ನಡೆದ. ಸುನಿಲಕುಮಾರ ಎಂಜಲು ಕೈಯಲ್ಲೇ ಓಡಿ ಕ್ಯಾನು ಹಿಡಿದ. ಅಪ್ಪ ಮಗ ಬಾಗಿಲಲ್ಲಿ ಒಂದು ಕ್ಯಾನಿಗೆ ಜಗ್ಗಾಡುವುದನ್ನು ಮೋತಿಬಿ ತನ್ನ ಕಟ್ಟೆಯಿಂದ ನೋಡಿ, ನೋಡಬಾರದೆಂದು ಒಳಗೆ ಹೋದಳು. ಆಗಲೇ ನಡುಮನೆಯಿಂದ ಬನಶಂಕರೆವ್ವ ಕೂಗಿದ್ದು.

"ಅವನ್ನ ಬಿಡ್ರಿ! ತಪ್ಪು ನಂದೈತಿ!"

ಎಲ್ಲರೂ ತಿರುಗಿದರು.

"ಒಂಬತ್ತು ದಿನ ನಾ ಹನಿ ಹಾಕ್ಕೊಂಡಿಲ್ಲ. ನಿಟ್ಟುಪಾಸ ಅಲ್ಲೇನು? ಹನಿ ಬಿಟ್ಟರ ಗಂಟಲಕ್ಕ ಇಳಿತೈತಿ. ಗಂಟಲಕ್ಕ ಏನರ ಇಳದ್ರ ಉಪಾಸ ಎಲ್ಲಿ ಉಳೀತು? ಅದಕ್ಕ ಬಿಟ್ಟೆ."

ಎಲ್ಲರೂ ನಂಬಿದರು. ಅಷ್ಟು ಸರಿಯಾಗಿ ಕೂಡಿತ್ತು ಆ ಮಾತು. ಗಂಟಲಿಗೆ ಕಹಿ ಇಳಿಯುತ್ತದೆಂದು ಅವಳು ಗೊಣಗುವುದನ್ನು ಎಲ್ಲರೂ ಕೇಳಿದ್ದರು. ಅವಳ ಮಡಿಯೂ ಹಟವೂ ಮನೆಗೆಲ್ಲ ಗೊತ್ತಿದ್ದವೇ. ವಿಠೋಬಾ ಕ್ಯಾನು ಕೆಳಗಿಟ್ಟು ಗೋಡೆಗೆ ಒರಗಿದ.

"ಹುಚ್ಚಿ," ಅಂದ. "ಹುಚ್ಚಿ ನೀನು."

ಸುನಿಲಕುಮಾರ ಬೈದದ್ದು ಮಾತ್ರ ಓಣಿಗೆ ಕೇಳಿಸಿತು. ತಪ್ಪು ಇನ್ನೊಬ್ಬರದೆಂದು ಗೊತ್ತಾದಾಗ ಮನುಷ್ಯನ ದನಿ ಎಷ್ಟು ದೊಡ್ಡದಾಗುತ್ತದೆ! "ಲಕ್ಷದ ಮಾತು ಅವ್ವಾ! ಡಾಕ್ಟರು ಬಡಕೊಂಡು ಹೇಳಿದ್ರು! ದೇವರು ಬಂದು ಕಣ್ಣಿಗೆ ಹನಿ ಬಿಡ್ತಾನೇನು? ಇಷ್ಟೊತ್ತು ನನ್ನ ತಲಿಗೆ ಕಟ್ಟಿದ್ರೆಲ್ಲಾರೂ!" ಬನಶಂಕರೆವ್ವ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿದಳು. ಬೈದು ಬೈದು ಹಗುರಾದ ಸುನಿಲಕುಮಾರ ಮತ್ತೆ ಬಂದು ಕೂತು ಎರಡು ರೊಟ್ಟಿ ಹೆಚ್ಚಿಗೆ ಉಂಡ.

ಕಲ್ಪನಾ ತಟ್ಟೆ ಬಳಿಯುವಾಗ ಕೈ ನಿಲ್ಲಿಸಿದಳು. ಒಂಬತ್ತು ದಿನ ಹನಿ ಹಾಕಿಕೊಳ್ಳದಿದ್ದರೆ ಏಳನೆಯ ದಿನ ಬಾಟಲಿ ಹೇಗೆ ಖಾಲಿಯಾಯಿತು? ಮಡಿಗೆ ಹೋಗುವ ದಿನ ಅದು ಅರ್ಧಕ್ಕಿಂತ ಮೇಲೆ ಇದ್ದದ್ದನ್ನು ತಾನೇ ಬೆಳಕಿಗೆ ಹಿಡಿದು ನೋಡಿದ್ದಳು. ಹೊಸದನ್ನು ತಂದವಳೂ ತಾನೇ.

ನಾಲ್ಕು ಗಂಟೆಗೆ ಹನಿ ಹಾಕುವಾಗ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಅತ್ತಿ, ಯಾಕ ಸುಳ್ಳು ಹೇಳಿದ್ರಿ?"

"ಯಾವ ಸುಳ್ಳು?"

"ಬಾಟ್ಲಿ ಮುಗದಿತ್ತಲ್ರಿ. ನಾನ ಹೊಸಾದು ತಂದು ಕೊಟ್ಟೀನಿ."

ಬನಶಂಕರೆವ್ವ ಕಣ್ಣು ಮುಚ್ಚಿಕೊಂಡು ಮಲಗಿದ್ದಳು. ಹನಿಯ ಬಿಳಿ ನೀರು ಕಪಾಳದ ಮೇಲೆ ಇಳಿಯಿತು.

"ಹಾಕ್ಕೊಂಡೀನೆವಾ. ಆರೂ ಹೊತ್ತು ಹಾಕ್ಕೊಂಡೀನಿ. ಕಣ್ಣಿನ ಸಲುವಾಗಿ ಹೊತ್ತ ಹರಕಿ ಅದು. ಕಣ್ಣಿನ ಔಷಧ ಬಿಟ್ಟು ಮಾಡಿದ್ರ ಆ ತಾಯಿ ನಗೂದಿಲ್ಲೇನು?"

"ಮತ್ತ?"

"ಮತ್ತೇನು? ಅಂಗಡಿ ಕೆಲಸ ಹೋದಾಗ ಅಂವಾ ಎರಡು ತಿಂಗಳು ಗ್ವಾಡಿಗೆ ಮುಖ ಮಾಡಿ ಮಲಗಿದ್ದ. ನೀ ಹೆಂಡ್ತಿ, ನೀ ಮರತಿ. ನಾ ಮರತಿಲ್ಲ. ಊಟಕ್ಕ ಎಬ್ಬಿಸಿದ್ರ ತಿರುಗಿ ನೋಡತಿದ್ನಲ್ಲ, ಆ ಮುಖಾ ಎರಡನೇ ಸಲ ನೋಡಾಕ ನನಗ ಕಣ್ಣು ಬ್ಯಾಡ."

ಕಲ್ಪನಾ ಮರೆತಿರಲಿಲ್ಲ. ಆ ಎರಡು ತಿಂಗಳು ಹಗ್ಗ, ಕ್ರಿಮಿನಾಶಕ, ಬಾವಿಕಟ್ಟೆ ಎಲ್ಲದರ ಮೇಲೂ ಒಂದು ಕಣ್ಣಿಟ್ಟು ಅನ್ನ ಮಾಡಿದವಳು ಅವಳು.

"ನನ್ನಾಣಿ ಐತಿ ನಿನಗ," ಅಂದಳು ಮುದುಕಿ. "ಯಾರ ಮುಂದೂ ಬಾಯಿ ಬಿಡಬ್ಯಾಡ."

ಕಲ್ಪನಾ ಬಾಯಿ ಬಿಡಲಿಲ್ಲ. ಆಣೆಗೆ ಹೆದರಿ ಎಂದು ತನಗೆ ತಾನು ಹೇಳಿಕೊಂಡಳು. ಖರೆ ಹೇಳಬೇಕೆಂದರೆ, ಮನೆಯಲ್ಲಿ ಮತ್ತೆ ನಗು ಬಂದಿತ್ತು, ಅದನ್ನು ಕೆಡಿಸಲು ಅವಳಿಗೆ ಧೈರ್ಯವಾಗಲಿಲ್ಲ. ಸುನಿಲಕುಮಾರ ಎರಡು ಪಟ್ಟು ಕೆಲಸ ಹಿಡಿದ. ಮಗಳಿಗೆ ಟ್ಯೂಶನ್ ಹಚ್ಚಿದ. ಒಂದು ಸಂಜೆ ಗಿರಮಿಟ್ಟು ಮಿರ್ಚಿ ಕಟ್ಟಿಸಿಕೊಂಡು ಬಂದು ಅಪ್ಪನ ಮುಂದೆಯೂ ಇಟ್ಟ. ವಿಠೋಬಾ ಮುಟ್ಟಲಿಲ್ಲ, ಆಮೇಲೆ ಮೊಮ್ಮಗಳು ಒತ್ತಾಯ ಮಾಡಿದಾಗ ಒಂದು ಮಿರ್ಚಿ ತಿಂದ. ಹೆಂಡತಿಯ ಜೊತೆ ಮಾತು ಮಾತ್ರ ಬಿಟ್ಟಿದ್ದ. ನಲವತ್ತೈದು ವರ್ಷದ ಸಂಸಾರದಲ್ಲಿ ಅವನು ಅವಳ ಮೇಲೆ ಇಷ್ಟು ದಿನ ಸಿಟ್ಟಿಟ್ಟಿದ್ದು ಇದೇ ಮೊದಲು, ಅದೂ ಅವಳು ಮಾಡದ ತಪ್ಪಿಗೆ. 

ತನ್ನಿಂದಾದ ಉಪಾಯ ಕಲ್ಪನಾ ಮಾಡಿದಳು. ಪಂಪಿನ ಸದ್ದು ಕೇಳಿದ ಕೂಡಲೇ ಹಿತ್ತಲ ಬಾಗಿಲು ತೆರೆದಿಡುವಳು. ಗಾಳಿ ಬಂದು ಸೀರೆ ಹಾರಾಡಿದರೆ ಸುನಿಲಕುಮಾರ ಬಂದು ಮುಚ್ಚುವನು.

"ಅತ್ತಿ, ಹೊಡಿಯೂತನಾ ಮೋತಿಬಿ ಮನ್ಯಾಗ ಕುಂಡ್ರ ಬರ್ರಿ."

"ದಿನಾ ಹೋಗಿ ಮಂದಿ ಮನ್ಯಾಗ ಕುಂತ್ರ ಏನಂತಾರ? ಮಗ ಹೊರಗ ಹಾಕ್ಯಾನ ಅಂತಾರ."

"ಹಂಗಾರ ಕಣ್ಣಿಗೆ ಒಂದು ಅರಬಿ ಕಟ್ಟಲೇನ್ರಿ?"

"ಈಗ ಕಟ್ಟಬ್ಯಾಡ. ಮುಂದ ಹೆಂಗಿದ್ರೂ ಕತ್ತಲೈತಿ," ಅಂದು ಮುದುಕಿ ನಕ್ಕುಬಿಟ್ಟಳು. ಕಲ್ಪನಾಳಿಗೆ ನಗು ಬರಲಿಲ್ಲ.

ಫೆಬ್ರುವರಿಯ ಮೊದಲ ವಾರ ಒಂದು ಮುಂಜಾನೆ ಬನಶಂಕರೆವ್ವ ಗಂಡನಿಗೆ ಚಹಾ ಬಸಿಯಲು ಕೂತಳು. ಮಾತು ಬಿಟ್ಟವನನ್ನು ಚಹಾದಿಂದ ಒಲಿಸುವ ಲೆಕ್ಕ. ಪಾತ್ರೆ ಬಗ್ಗಿಸಿದಳು. ಕಪ್ಪು ಒಂದು ಗೇಣು ಎಡಕ್ಕಿತ್ತು. ಚಹಾ ಚಾಪೆಯ ಮೇಲೆ ಹರಿದು ವಿಠೋಬಾನ ಧೋತರದ ಅಂಚು ಮುಟ್ಟಿದರೂ ಅವಳು ಬಸಿಯುತ್ತಲೇ ಇದ್ದಳು. ವಿಠೋಬಾ ಸರಿಯಲಿಲ್ಲ, ಕೂಗಲಿಲ್ಲ. ಪಾತ್ರೆ ಖಾಲಿಯಾಗುವ ತನಕ ಹಾಗೇ ಕೂತು, ಆಮೇಲೆ "ಸಾಕು, ಕಪ್ಪು ತುಂಬೇತಿ," ಅಂದ. ಎರಡೂವರೆ ವಾರದಲ್ಲಿ ಅವನು ಅವಳಿಗೆ ಆಡಿದ ಮೊದಲ ಮಾತು ಅದು.

ಅಡಿಗೆಮನೆಯ ಬಾಗಿಲಲ್ಲಿ ನಿಂತ ಕಲ್ಪನಾ ಅದನ್ನು ನೋಡಿದಳು. ಒಳಗೆ ಹೋಗಿ ಗೋಡೆಗೆ ಹಣೆ ಹಚ್ಚಿ ಅತ್ತಳು. ಅತ್ತು ಮುಗಿದ ಮೇಲೆ ಪಡಸಾಲೆಗೆ ಹೋಗಿ, ಕ್ಯಾನಿನ ಮೇಲಿನ ಚೀಟಿಯ ಫೋಟೋ ಮೊಬೈಲಿನಲ್ಲಿ ಹಿಡಿದುಕೊಂಡಳು.

ಮರುದಿನವೇ ಆಸ್ಪತ್ರೆ. ಸುನಿಲಕುಮಾರ ತಾನೇ ಆಟೋ ತಂದು ಅವ್ವನನ್ನು ಕೂರಿಸಿಕೊಂಡ. ಮೇಡಂ ಒತ್ತಡ ಅಳೆದರು, ಯಾವುದೋ ಯಂತ್ರಕ್ಕೆ ಗದ್ದ ಹಚ್ಚಿಸಿ ಬಹಳ ಹೊತ್ತು ನೋಡಿದರು.

"ಇನ್ನೂ ಏರಿದೆ. ಇವತ್ತೇ ಸೂಜಿಯಿಂದ ದಾರಿ ಬಿಡಿಸೋಕೆ ನೋಡೋಣ. ಆದರೆ ಒಂದು ಮಾತು, ಹೋಗಿರೋ ದೃಷ್ಟಿ ವಾಪಸ್ ಬರೋಲ್ಲ. ಹನಿ ಸರಿಯಾಗಿ ಹಾಕಿದ್ರೂ ಕಣ್ಣು ಯಾಕೆ ಇಷ್ಟು ಕೆರಳಿದೆ ನನಗೆ ಗೊತ್ತಾಗ್ತಿಲ್ಲ."

"ಹಾಕ್ಕೊಂಡಿಲ್ರಿ ಮೇಡಂ," ಅಂದ ಸುನಿಲಕುಮಾರ. "ಒಂಬ—"

"ಹಾಕ್ಕೊಂಡಾರ್ರಿ," ಅಂದಳು ಕಲ್ಪನಾ.

ಗಂಡ ತಿರುಗಿ ನೋಡಿದ. ಅವಳು ಅವನ ಕಡೆ ನೋಡಲಿಲ್ಲ; ನೋಡಿದರೆ ಮಾತು ನಿಂತುಹೋಗುತ್ತದೆಂದು ಅವಳಿಗೆ ಗೊತ್ತಿತ್ತು.

"ಆರೂ ಹೊತ್ತು ಹಾಕ್ಕೊಂಡಾರ್ರಿ. ಮುಗದ ಬಾಟ್ಲಿ ನಾನ ನೋಡೀನಿ, ಹೊಸಾದು ನಾನ ತಂದೀನಿ. ಉಪಾಸಕ್ಕ ಬಿಟ್ಟೆ ಅಂತ ಅತ್ತಿ ಸುಳ್ಳು ಹೇಳ್ಯಾರ. ಮನ್ಯಾಗ ಇವರು ಸೀರಿಗೆ ಔಷಧ ಹೊಡಿತಾರ್ರಿ, ಬಾಗಲಾ ಬಂದ್ ಮಾಡಿ. ನೀವು ಹೊಗಿ ಕೇಳಿದ್ರಿ, ಧೂಳು ಕೇಳಿದ್ರಿ. ಇದನ್ನ ಕೇಳಲಿಲ್ಲ, ನಾನೂ ಹೇಳಲಿಲ್ರಿ. ನಂದೂ ತಪ್ಪೈತಿ."

ಮೊಬೈಲು ಮುಂದೆ ಹಿಡಿದಳು. ಮೇಡಂ ಚೀಟಿಯನ್ನು ದೊಡ್ಡದು ಮಾಡಿ ಓದಿದರು.

"ಅದು ಫ್ಲೋರೈಡ್ರಿ ಮೇಡಂ," ಅಂದ ಸುನಿಲಕುಮಾರ, ದನಿ ಇಳಿದಿತ್ತು. "ಈಕಿ ಊರಾಗ ನೀರಾಗ ಇರತೈತಲ್ರಿ, ಅದ."

"ಅದಲ್ಲ ಇದು. ಹೆಸರು ಅರ್ಧ ಒಂದೇ, ವಸ್ತು ಬೇರೆ. ಮಂಜಿನ ಹಾಗೆ ಹೊಡೆದರೆ ಗಾಳಿಲಿ ನಿಲ್ಲುತ್ತೆ, ಕಣ್ಣಿಗೆ ಕೂರುತ್ತೆ, ಉಸಿರಿಗೂ ಹೋಗುತ್ತೆ. ಈ ಕಣ್ಣು ಇದರಿಂದಲೇ ಕೆಟ್ಟಿತು ಅಂತ ನಾನು ಬರೆದು ಕೊಡೋಕಾಗಲ್ಲ, ಅಷ್ಟು ಖಚಿತವಾಗಿ ಹೇಳೋ ಪರೀಕ್ಷೆ ನನ್ನ ಹತ್ತಿರ ಇಲ್ಲ. ಆದರೆ ಹೊಸ ಗಾಯದ ಕಣ್ಣು ಇರೋ ಮನೇಲಿ ಇದು ಒಂದು ದಿನವೂ ಇರಬಾರದು. ನೀವು ಮುಖಕ್ಕೆ ಏನು ಕಟ್ಟಿಕೊಳ್ತೀರಿ?"

"ಕರವಸ್ತ್ರರಿ."

ಮೇಡಂ ಒಂದು ಸಣ್ಣ ಬಾಟಲಿ ಕಲ್ಪನಾಳ ಕೈಗೆ ಕೊಟ್ಟು, ಹೊರಗೆ ಬೆಂಚಿನ ಮೇಲೆ ಕೂರಿಸಿ ಹತ್ತು ನಿಮಿಷಕ್ಕೊಂದರಂತೆ ಮೂರು ಹನಿ ಹಾಕಿ, ಆಮೇಲೆ ಒಳಗೆ ಕರೆಯುತ್ತೇನೆ ಎಂದು ಕಳಿಸಿದರು.

ಬೆಂಚಿನ ಮೇಲೆ ಮೂವರೂ ಕೂತರು. ಹೊರಗೆ ಬಸ್ಸುಗಳ ಹಾರ್ನು. ಬನಶಂಕರೆವ್ವ ಗೋಡೆಗೆ ತಲೆ ಆನಿಸಿದ್ದಳು. ಕಲ್ಪನಾ ಕೈ ತೊಳೆದು ಬಂದು ಬಾಟಲಿಯ ಮುಚ್ಚಳ ತಿರುಗಿಸಿದ ಸದ್ದಿಗೆ ಮುದುಕಿ ಕೈ ಅಡ್ಡ ಹಿಡಿದಳು.

"ನಿನ್ನ ಕೈಲೆ ಬ್ಯಾಡ."

"ಅತ್ತಿ..."

"ಆಣಿ ಹಾಕಿದ್ದೆ ನಿನಗ. ಮಂದಿ ಮುಂದ ಗಂಡನ ಮರ್ಯಾದಿ ತಗದಿ. ನಾಳಿಂದ ಅಂವಾ ಏನ ಮಾಡ್ಲಿ ಹೇಳು. ಮತ್ತ ಗ್ವಾಡಿಗೆ ಮುಖ ಮಾಡ್ಲೇನು?"

"ಮಾಡಿದ್ರ ನಾನ ತಿರುವಿ ಕುಂಡ್ರಸ್ತೀನ್ರಿ," ಅಂದಳು ಕಲ್ಪನಾ. ಕಣ್ಣಲ್ಲಿ ನೀರು ತುಂಬಿ ಬಂತು. "ನಿಮ್ಮ ಕಣ್ಣು ಅಡ ಇಟ್ಟು ನಾವು ಉಣ್ಣೂದು ಬ್ಯಾಡ್ರಿ."

"ಹಾಕ್ಸಿಕೊಳ್ಳೂದಿಲ್ಲ ನಿನ್ನ ಕೈಲೆ. ಹೋಗು."

ಸುನಿಲಕುಮಾರ ಇಷ್ಟು ಹೊತ್ತು ನೆಲ ನೋಡುತ್ತ ಕೂತಿದ್ದ. ಹೆಂಡತಿಯನ್ನು ಬೈಯುತ್ತಾನೆ ಎಂದುಕೊಂಡಿದ್ದಳು ಕಲ್ಪನಾ. ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಅವನು ಎದ್ದು ನಲ್ಲಿಗೆ ಹೋದ. ಸೋಪು ಹಚ್ಚಿ ಕೈ ತೊಳೆದ, ಮತ್ತೆ ಸೋಪು ಹಚ್ಚಿ ತೊಳೆದ. ಬಂದು ಅವಳ ಕೈಯಿಂದ ಬಾಟಲಿ ತೆಗೆದುಕೊಂಡ. ಈ ಎರಡು ತಿಂಗಳಲ್ಲಿ ಅವ್ವನ ಕಣ್ಣಿಗೆ ಅವನು ಒಂದು ಹನಿಯನ್ನೂ ಹಾಕಿರಲಿಲ್ಲ. ಹೇಗೆ ಹಿಡಿಯಬೇಕೆಂದು ಗೊತ್ತಾಗದೆ ಹೆಂಡತಿಯ ಮುಖ ನೋಡಿದ. ಅವಳು ತನ್ನ ಕೆಳರೆಪ್ಪೆ ಎಳೆದು ತೋರಿಸಿದಳು.

"ತಲಿ ಎತ್ತಬೇ ಅವ್ವಾ."

ಬನಶಂಕರೆವ್ವ ಬೇಡ ಎನ್ನಲಿಲ್ಲ. ಅವನು ಬಗ್ಗಿದ. ಮುಖಕ್ಕೆ ಮುಖ ಒಂದು ಗೇಣು ದೂರವಿತ್ತು. ಕಿಟಕಿಯ ಬಿಸಿಲು ನೇರ ಅವನ ಕೆನ್ನೆಯ ಮೇಲೆ ಬೀಳುತ್ತಿತ್ತು. ಹನಿ ಬಿಡುವ ಮೊದಲು ಅವನು ಕೈ ತಡೆದ.

"ಅವ್ವಾ, ನಾ ಕಾಣಸ್ತೀನೇನು?"

"ಕಾಣೂದಿಲ್ಲೇನೋ?" ಅಂದಳು ಬನಶಂಕರೆವ್ವ, ಮಗನ ದನಿ ಬಂದ ಕಡೆಗೆ ಮುಖವೆತ್ತಿ, ಬಾಯಿ ತುಂಬ ನಕ್ಕು. "ನೀಟ ಕಾಣಸ್ತಿ. ನೋಡು, ಗಡ್ಡ ಎಷ್ಟು ಬೆಳಿಸಿದಿ! ನನ್ನ ಚಿಂತಿ ಹಚ್ಕೊಂಡು ಮುಖಾ ಸೈತ ನೋಡ್ಕೊಂಡಿಲ್ಲ. ಮೊದಲ ಹೋಗಿ ಬೋಳಿಸ್ಕೋ."

ಆಸ್ಪತ್ರೆಗೆ ಹೋಗುವ ದಿನವೆಂದು ಅವನು ಮುಂಜಾನೆ ಕನ್ನಡಿಯ ಮುಂದೆ ನಿಂತು ನುಣ್ಣಗೆ ಬೋಳಿಸಿಕೊಂಡಿದ್ದ. ಬಿಸಿನೀರು ಕಾಸಿ ಕೊಟ್ಟವಳು ಕಲ್ಪನಾ.

ಸುನಿಲಕುಮಾರನ ಎಡಗೈ ಮೆಲ್ಲಗೆ ತನ್ನ ಕೆನ್ನೆಗೆ ಹೋಗಿ, ಅಲ್ಲೇ ನಿಂತಿತು.

"ಆತಬೇ," ಅಂದ. "ಬೋಳಿಸ್ಕೋತೀನಿ."